ಅಣ್ಣನ ಮಂಗಳವಾರಗಳು

ಕಳೆದ ತಿಂಗಳು ಹಲ್ಲುನೋವೆಂದು ಮಣ್ಣಗುಡ್ಡದ ನಮ್ಮ ಮನೆಯ ಹತ್ತಿರದ ದಂತವೈದ್ಯರಲ್ಲಿಗೆ ಹೋಗಿದ್ದೆ. ಹುಳುಕಿನೊಳಗೆ ಏನೋ ಅದ್ದಿದ ಹತ್ತಿ ಇಟ್ಟರು. ಲವಂಗದ ಎಣ್ಣೆ. ಅದರ ಘಾಟು ಮೂಗಿಗೇರಿದ್ದೇ ತಡ, ನನಗೆ ಅಳು ಒತ್ತರಿಸಿ ಬಂತು. "ಅಷ್ಟು ನೋವುಂಟಾ?" ಎಂದು ಡಾಕ್ಟರು ಗಾಬರಿಯಾದರು. ಬಾಯಿ ತೆರೆದೇ ಇದ್ದುದರಿಂದ ಉತ್ತರ ಹೇಳುವ ಹಾಗಿರಲಿಲ್ಲ. ನನಗೆ ನೆನಪಾದದ್ದು ಅಣ್ಣನ ಬಾಯಿ...

ಅಣ್ಣ ಸ್ಯಾಕ್ಸೋಫೋನ್ ನುಡಿಸುತ್ತಿದ್ದ. ಮದುವೆ, ಗೃಹಪ್ರವೇಶ, ದೇವಸ್ಥಾನದ ಪೂಜೆ, ಎಲ್ಲದಕ್ಕೂ ನಮ್ಮ ಕಡೆ ಸ್ಯಾಕ್ಸೋಫೋನೇ ಮಂಗಳವಾದ್ಯ. ಅಪ್ಪ ನಾಗಸ್ವರ ಊದುತ್ತಿದ್ದರು, ಇವನು ಹದಿನೆಂಟಕ್ಕೇ ಹಿತ್ತಾಳೆಯ ವಾದ್ಯಕ್ಕೆ ಬದಲಾದ. ನುಡಿಸುವ ಮೊದಲು ರೀಡನ್ನು, ಎಂದರೆ ವಾದ್ಯದ ಬಾಯಿಗೆ ಸಿಕ್ಕಿಸುವ ತೆಳ್ಳಗಿನ ಪಟ್ಟಿಯನ್ನು, ಬಾಯಲ್ಲಿಟ್ಟು ನೆನೆಸಬೇಕು. ಹಾಗಾಗಿ ಬೆಳಿಗ್ಗೆ ಅವನ ಹತ್ತಿರ ಏನು ಕೇಳಿದರೂ "ಊಂ... ಊಂ..." ಎಂಬುದಷ್ಟೇ ಉತ್ತರ. ಉರ್ವದ ನನ್ನ ತವರುಮನೆಯಲ್ಲಿ ಅಮ್ಮ ಮತ್ತು ಅವನು ಇಬ್ಬರೇ ಇದ್ದರು. ಅವನಿಗೆ ಮದುವೆ ಆಗಿರಲಿಲ್ಲ. "ಊರಿನವರದ್ದೆಲ್ಲ ಮಾಡಿಸಿ ಸಾಕಾಗಿದೆ ಮಾರಾಯ್ತಿ" ಎಂದು ನಗುತ್ತಿದ್ದ.

ನನ್ನದು ಹುಟ್ಟಿನಿಂದಲೇ ಸಂಶಯದ ಸ್ವಭಾವ. ಅದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಹಾಲಿಗೆ ನೀರು ಸೇರಿದೆಯೋ, ಮೀನು ನಿನ್ನೆಯದೋ, ಗಂಡ ಫೋನಿನಲ್ಲಿ ಯಾರ ಹತ್ತಿರ ನಗುತ್ತಿದ್ದಾರೋ, ಎಲ್ಲವನ್ನೂ ಎರಡೆರಡು ಸಲ ನೋಡದೆ ನನಗೆ ಊಟ ಸೇರುವುದಿಲ್ಲ. ನೀನು ಪೊಲೀಸ್ ಆಗಬೇಕಿತ್ತು ಎಂದು ಗಂಡ ತಮಾಷೆ ಮಾಡುವಾಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ನನ್ನ ಕಣ್ಣಿಗೆ ಮಣ್ಣೆರಚಲು ಯಾರಿಂದಲೂ ಆಗದು ಎಂಬ ಜಂಬ.

ಒಂಬತ್ತು ವರ್ಷದ ಹಿಂದೆ ನನ್ನ ಗೆಳತಿಯ ಮಗಳ ಮದುವೆ. ವಾದ್ಯ ಅಣ್ಣನದು. ಕರಿಮಣಿ ಕಟ್ಟುವ ಹೊತ್ತಿಗೆ ಭಟ್ಟರು ಕೈ ಎತ್ತಿ "ಗಟ್ಟಿಮೇಳ!" ಎಂದರು. ಆ ಗಳಿಗೆಯಲ್ಲಿ ಸೀನು, ಅಳು, ಬೇಡದ ಮಾತು ಯಾವುದೂ ವಧೂವರರ ಕಿವಿಗೆ ಬೀಳಬಾರದು. ಅದನ್ನೆಲ್ಲ ಮುಚ್ಚಿಹಾಕುವ ಹಾಗೆ ವಾದ್ಯದವರು ಜೋರಾಗಿ ಬಾರಿಸಬೇಕು, ಊದಬೇಕು. ಡೋಲು ಬಡಿಯಿತು. ಸ್ಯಾಕ್ಸೋಫೋನ್ ಬರಲಿಲ್ಲ. ಅಣ್ಣ ವಾದ್ಯವನ್ನು ತುಟಿಗಿಟ್ಟುಕೊಂಡು ಸುಮ್ಮನೆ ಕುಳಿತಿದ್ದ. ಡೋಲಿನ ಎರಡು ಪೆಟ್ಟಿನ ನಡುವೆ ಯಾರೋ ಗಟ್ಟಿಯಾಗಿ ಸೀನಿದ್ದು ಇಡೀ ಸಭಾಂಗಣಕ್ಕೆ ಕೇಳಿತು. ಗಂಡಿನ ಕಡೆಯವರ ಮುಖ ಗಂಟಿಕ್ಕಿತು. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಊಟದ ಕೋಣೆಯ ಹಿಂದೆ ಅವನನ್ನು ಹಿಡಿದು ನಿಲ್ಲಿಸಿದೆ.

"ಬಾಯಿ ತೆರೆ ನೋಡುವ."

"ಎಂತಕ್ಕೆ?"

"ತೆರೆ ಹೇಳಿದ್ದಲ್ವಾ!"

ನನಗಿಂತ ಏಳು ವರ್ಷ ದೊಡ್ಡವನು, ನನ್ನನ್ನು ಎತ್ತಿ ಆಡಿಸಿದವನು, ಚಿಕ್ಕ ಮಗುವಿನ ಹಾಗೆ ಬಾಯಿ ತೆರೆದು ಉಸಿರು ಬಿಟ್ಟ. ಲವಂಗದ ವಾಸನೆ. "ಗಂಟಲಿಗೆ ಹಾಕಿದ್ದು" ಎಂದ. ಕುಡಿದ ವಾಸನೆ ಮುಚ್ಚಲು ಹಾಕಿದ್ದೆಂದು ನಾನು ಆಗಲೇ ತೀರ್ಮಾನಿಸಿಬಿಟ್ಟೆ. ಹಾಗಂತ ಅವನ ಮುಖಕ್ಕೇ ಹೇಳಿದೆ. ಅವನು ಸಿಟ್ಟಾಗಲಿಲ್ಲ. "ಬೆರಳು ಆಡಲಿಲ್ಲ ಮಾರಾಯ್ತಿ, ಉಸಿರೂ ಬರಲಿಲ್ಲ. ಎಂತ ಅಂತ ನನಗೇ ಗೊತ್ತಾಗ್ತಾ ಇಲ್ಲ" ಎಂದ. ಅವನು ನನ್ನ ಹತ್ತಿರ ಮನಸ್ಸು ಬಿಚ್ಚಿದ್ದು ಅದೊಂದೇ ಸಲ. ನಾನೋ, ನಾಟಕ ಬೇಡ ಎಂದುಬಿಟ್ಟೆ.

ಆಮೇಲೆ ನನ್ನ ಪತ್ತೇದಾರಿಕೆ ಶುರುವಾಯಿತು. ಪ್ರತಿ ಮಂಗಳವಾರ ಹತ್ತು ಗಂಟೆಗೆ ಡೋಲಿನವರು, ಎಂದರೆ ಅಣ್ಣನ ಜೊತೆ ಡೋಲು ಬಾರಿಸುತ್ತಿದ್ದ ಕೂಳೂರಿನ ಗೆಳೆಯ, ಸ್ಕೂಟರಿನಲ್ಲಿ ಬಂದು ಅಣ್ಣನನ್ನು ಕರೆದುಕೊಂಡು ಹೋಗುತ್ತಾರೆ, ಮಧ್ಯಾಹ್ನದ ಊಟಕ್ಕೆ ತಂದು ಬಿಡುತ್ತಾರೆ ಎಂದು ಅಮ್ಮನಿಂದ ತಿಳಿಯಿತು. ಎಲ್ಲಿಗೆ ಎಂದರೆ "ಪ್ರಾಕ್ಟೀಸಿಗೆ" ಅನ್ನುತ್ತಿದ್ದನಂತೆ. ಡೋಲು ಬಿಟ್ಟು, ಸ್ಯಾಕ್ಸೋಫೋನ್ ಬಿಟ್ಟು ಎಂಥ ಪ್ರಾಕ್ಟೀಸು? ಅವನಿಲ್ಲದಾಗ ವಾದ್ಯದ ಪೆಟ್ಟಿಗೆ ತೆರೆದು ನೋಡಿದೆ. ರೀಡುಗಳ ಕೆಳಗೆ ಒಂದು ಮಾತ್ರೆಯ ಪಟ್ಟಿ. ಹೆಸರಿದ್ದ ತುದಿಯನ್ನು ಹರಿದು ತೆಗೆದಿದ್ದ. ಅಮ್ಮನಿಗೆ ಯಾರೋ ಮಾಟ ಮಾಡಿಸಿದ್ದಾರೆಂಬ ಗುಮಾನಿ. ನನಗೆ ಡೋಲಿನವರೇ ನಶೆ ಹಿಡಿಸಿದ್ದಾರೆಂಬ ಖಾತ್ರಿ. ನಾವಿಬ್ಬರೂ ಸೇರಿ ಯಾರ್ಯಾರನ್ನೋ ಅನುಮಾನಿಸಿದೆವು. ಅಣ್ಣನನ್ನು ಕೂರಿಸಿಕೊಂಡು ನಿನಗೆ ಏನಾಗುತ್ತಿದೆ ಎಂದು ಇಬ್ಬರೂ ಕೇಳಲಿಲ್ಲ.

ಮುಂದಿನ ಮಂಗಳವಾರ ಗೇಟಿನಲ್ಲೇ ಕಾದು ನಿಂತೆ. ಡೋಲಿನವರು ಸ್ಕೂಟರು ನಿಲ್ಲಿಸುತ್ತಿದ್ದ ಹಾಗೆ ಮಾತ್ರೆಯ ಪಟ್ಟಿ ತೋರಿಸಿ "ಇದೆಂತ?" ಎಂದೆ. ಅವರು ಕಣ್ಣು ತಪ್ಪಿಸಿ "ನನಗೆ ಗೊತ್ತಿಲ್ಲ ಅಕ್ಕ" ಎಂದರು. ಸುಳ್ಳು ಹೇಳುತ್ತಿದ್ದಾರೆಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಅದರಲ್ಲಿ ನಾನು ತಪ್ಪಿರಲಿಲ್ಲ. ಇನ್ನು ಮೇಲೆ ಈ ಗೇಟು ದಾಟಿದರೆ ಜಾಗ್ರತೆ ಎಂದು ಬಾಯಿಗೆ ಬಂದ ಹಾಗೆ ಬೈದು ಕಳುಹಿಸಿದೆ. ಅಣ್ಣ ಚಪ್ಪಲಿ ಹಾಕಿಕೊಂಡು ಮೆಟ್ಟಿಲಿನಲ್ಲಿ ನಿಂತಿದ್ದವನು ಚಪ್ಪಲಿ ಬಿಟ್ಟು ಒಳಗೆ ಹೋದ.

ಅದಾಗಿ ಒಂದು ತಿಂಗಳಿಗೆ ಅಣ್ಣ ತಾನಾಗಿಯೇ ಜೀವ ಕಳೆದುಕೊಂಡ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಊರಿಗೆಲ್ಲ ಹಾರ್ಟ್ ಅಟ್ಯಾಕ್ ಎಂದೆವು. ಆ ಸುಳ್ಳನ್ನು ಮೊದಲು ಹೇಳಿದವಳು ನಾನೇ. ಡೋಲಿನವರು ಅಂತ್ಯಕ್ರಿಯೆಗೆ ಬಂದು ದೂರದಲ್ಲಿ ನಿಂತಿದ್ದರು. ಕೊಂದವನೇ ಬಂದು ನಿಂತಿದ್ದಾನೆ ನೋಡಿ ಎಂದು ನಾನು ಗಂಡನ ಕಿವಿಯಲ್ಲಿ ಹೇಳಿದ್ದೆ. ಒಂಬತ್ತು ವರ್ಷ ಆ ಮಾತನ್ನೇ ನಂಬಿ ಬದುಕಿದೆ. ಯಾವುದೇ ಮದುವೆಯಲ್ಲಿ ಅವರ ಡೋಲು ಕೇಳಿದರೆ ಊಟ ಬಿಟ್ಟು ಎದ್ದು ಬರುತ್ತಿದ್ದೆ.

ಹಲ್ಲಿನ ಡಾಕ್ಟರಲ್ಲಿಂದ ಬಂದ ಮೇಲೆ ಎರಡು ದಿನ ನಿದ್ದೆ ಇಲ್ಲ. ಆ ಲವಂಗ ನಿಜಕ್ಕೂ ಗಂಟಲಿಗೇ ಹಾಕಿದ್ದಿರಬಹುದೇ ಎಂಬ ಸಂಶಯ ಮೊದಲ ಸಲ ನನ್ನ ಮೇಲೆಯೇ ತಿರುಗಿತ್ತು. ಕೇಳಿಯೇಬಿಡುವ ಎಂದು ಕೂಳೂರಿನ ಬಸ್ಸು ಹತ್ತಿದೆ. ಡೋಲಿನವರು ಜಗಲಿಯಲ್ಲಿ ಕುಳಿತು ಡೋಲಿನ ಹಗ್ಗ ಬಿಗಿಯುತ್ತಿದ್ದರು. ಪೂರ್ತಿ ನರೆತಿದ್ದರು. ಕುರ್ಚಿ ಎಳೆದು ಕೊಟ್ಟರು. ನಾನು ಕೂರಲಿಲ್ಲ, ನಿಂತಲ್ಲಿಂದಲೇ ಕೇಳಿದೆ.

"ಮಂಗಳವಾರ ಎಲ್ಲಿಗೆ ಕರಕೊಂಡು ಹೋಗ್ತಿದ್ದದ್ದು ನನ್ನ ಅಣ್ಣನನ್ನು?"

ಅವರು ಒಮ್ಮೆ ಒಳಗೆ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಡಾಕ್ಟ್ರ ಹತ್ರ ಅಕ್ಕ, ಮನಸ್ಸಿನ ಡಾಕ್ಟ್ರು. ಒಬ್ಬನೇ ಹೋಗ್ಲಿಕ್ಕೆ ಅವನಿಗೆ ಧೈರ್ಯ ಇರಲಿಲ್ಲ. ಯಾರಿಗೂ ಹೇಳಬೇಡ ಅಂತ ನನ್ನ ಕೈ ಹಿಡಿದು ಆಣೆ ಹಾಕಿಸಿದ್ದ. ಮಂಗಳವಾದ್ಯದವನಿಗೆ ತಲೆ ಸರಿ ಇಲ್ಲ ಅಂತ ಸುದ್ದಿಯಾದ್ರೆ ಯಾರು ಮದುವೆಗೆ ಕರೀತಾರೆ?"

ನಾನು ಕುಳಿತುಕೊಂಡೆ.

"ಸ್ವಲ್ಪ ಚೇತರಿಸ್ತಾ ಇದ್ದ. ನೀವು ಗೇಟಿನಲ್ಲಿ ಹಾಗೆ ಹೇಳಿದ ಮೇಲೆ..." ಎಂದವರು ಹಗ್ಗದ ಗಂಟನ್ನು ಎಳೆದರು. "ನಾನಾದ್ರೂ ಅವನಿಗೆ ಒಂದು ಫೋನ್ ಮಾಡಬೇಕಿತ್ತು. ಸಿಟ್ಟು ಬಂದಿತ್ತು ನನಗೆ ನಿಮ್ಮ ಮೇಲೆ. ಯಾರಿಂದ ಆಯ್ತು ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಕ್ಕ. ಕಾಯಿಲೆ ಅದು."

ಆ ಮಾತಿನಲ್ಲಿ ಅವರು ನನಗೆ ಕ್ಷಮೆ ಕೊಟ್ಟರೋ ಸಮಾಧಾನ ಹೇಳಿದರೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅವರ ಹೆಂಡತಿ ಚಹಾ ತಂದರು. ನಾನು ಯಾರೆಂದು ತಿಳಿದದ್ದೇ ಅವರ ಮುಖ ಬಾಡಿತು.

"ಇವರು ನಿಮ್ಮ ಅಣ್ಣನನ್ನು ನೆನೆಸದ ದಿನ ಇಲ್ಲ. ಪಾಪ, ಆ ಪ್ರಾಯದಲ್ಲಿ ಹಾರ್ಟ್ ಅಟ್ಯಾಕ್ ಆಗುದು ಅಂದ್ರೆ!"

ಡೋಲಿನವರು ತಲೆ ತಗ್ಗಿಸಿ ಹಗ್ಗ ಬಿಗಿಯುತ್ತಲೇ ಇದ್ದರು. ಸ್ವಂತ ಹೆಂಡತಿಗೂ ಹೇಳಿರಲಿಲ್ಲ. ಅಣ್ಣನಿಗೆ ಕೊಟ್ಟ ಮಾತನ್ನೂ ಉಳಿಸಿಕೊಂಡಿದ್ದರು, ನಾನು ಹೇಳಿದ ಸುಳ್ಳನ್ನೂ ಕಾಪಾಡಿದ್ದರು.

"ಹಾರ್ಟ್ ಅಲ್ಲ" ಎಂದೆ. "ಅಣ್ಣನಿಗೆ ಮನಸ್ಸಿನ ಕಾಯಿಲೆ ಇತ್ತು. ಇವರು ಔಷಧಿಗೆ ಕರಕೊಂಡು ಹೋಗ್ತಿದ್ರು. ಬರಬೇಡಿ ಅಂದವಳು ನಾನು."

ಚಹಾದ ಲೋಟ ಹಿಡಿದ ಆ ಹೆಂಗಸು ನನ್ನನ್ನೂ ಗಂಡನನ್ನೂ ನೋಡುತ್ತಾ ನಿಂತುಬಿಟ್ಟರು. ಡೋಲಿನವರು ಹೆಗಲ ಬೈರಾಸು ತೆಗೆದು ಮುಖಕ್ಕೆ ಒತ್ತಿಕೊಂಡರು. ಒಂಬತ್ತು ವರ್ಷ ನಾನು ಇವರ ಮೇಲಿನ ಸಿಟ್ಟಿನಲ್ಲೇ ದಿನ ಕಳೆದಿದ್ದೆ. ಅಣ್ಣನಿಗಾಗಿ ಅಳಲು ಶುರು ಮಾಡಿದ್ದು ಆ ಜಗಲಿಯಲ್ಲಿ, ಇನ್ನೂ ನಿಂತಿಲ್ಲ.