ರಈಸನ ಮನೆಯ ರೊಟ್ಟಿ

ದೆವ್ವ, ಗಾಳಿ ಅಂದರೆ ನಗುತ್ತಿದ್ದವಳು ನಾನು. ತವರು ಇಜೇರಿ. ಚಿಕ್ಕವಳಿದ್ದಾಗ ಗಾಣಗಾಪುರದಲ್ಲಿ ಗಾಳಿ ಬಿಡಿಸಿಕೊಳ್ಳಲು ಬಂದ ಹೆಂಗಸರು ಗುಡಿಯ ಕಂಬ ಹಿಡಿದು ಚೀರುವುದನ್ನು ನೋಡಿ, ಪಾಪ, ಇವರಿಗೆ ಮನೆಯಲ್ಲಿ ಮಾತಾಡಲು ಬಿಡುವುದಿಲ್ಲ, ಅದಕ್ಕೇ ಇಲ್ಲಿ ಬಂದು ಚೀರುತ್ತಾರೆ ಅಂದುಕೊಂಡಿದ್ದೆ. ಈಗಲೂ ಹಾಗೇ ಅನಿಸುತ್ತದೆ. ಆದರೆ ನನ್ನ ಅಡಿಗೆಮನೆಯ ಮೊಳೆಗೆ ಒಂದು ರೊಟ್ಟಿ ತೂಗುತ್ತಿದೆ. ಅದರ ಸಂಗತಿ ಇದ್ದದ್ದು ಇದ್ದಹಾಗೆ ಹೇಳುತ್ತೇನೆ.

ಆಳಂದದಲ್ಲಿ ನಮ್ಮ ಯಜಮಾನರದೂ ಅವರ ಅಣ್ಣನದೂ ಕೂಡಿ ಒಂದು ಬೇಳೆ ಮಿಲ್ಲು ಇತ್ತು. ಉಜ್ಬೇಕಿಸ್ತಾನದಲ್ಲಿ ಹೆಸರುಕಾಳು ಸಸ್ತಾ ಸಿಗುತ್ತದೆಂದು ಯಾರೋ ಹೇಳಿದ್ದರಿಂದ ಯಜಮಾನರು ಹೊರಟರು. ನಲವತ್ತು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಕಟ್ಟಿಕೊಟ್ಟೆ. ನಾಲ್ಕನೆಯ ದಿನ ಫೋನು ಬಂತು. "ಇಲ್ಲಿ ಒಬ್ಬ ರಈಸ್ ಸಿಕ್ಕಾನ ನೋಡು. ಊರೆಲ್ಲಾ ಎದಿ ಮ್ಯಾಲ ಕೈ ಇಟ್ಟು ಅವಗ ರಈಸ್ ಅಂತದ. ಇನ್ನ ಚಿಂತಿ ಇಲ್ಲ."

ನಮ್ಮ ಕಡೆ ರಈಸ್ ಅಂದರೆ ಸಾಹುಕಾರ. ನಿಜಾಮರ ಕಾಲದಿಂದ ಬಾಯಿಗೆ ಹತ್ತಿದ ಮಾತು. ಅಲ್ಲಿ ಹಾಗಲ್ಲವಂತೆ. ಕಮ್ಯುನಿಸ್ಟರ ಕಾಲದಲ್ಲಿ ಊರ ಹೊಲವೆಲ್ಲ ಒಂದೇ ಸಂಘದ್ದು, ಆ ಸಂಘದ ಅಧ್ಯಕ್ಷನೇ ರಈಸ್. ಆ ಸರ್ಕಾರ ಹೋಯಿತು, ಹೊಲ ಒಬ್ಬೊಬ್ಬರ ಕೈಗೆ ಹೋಯಿತು, ಮುದುಕನಿಗೆ ಹೆಸರೊಂದು ಉಳಿಯಿತು. ಆತನ ಹತ್ತಿರ ಹೆಸರುಕಾಳು ಒಂದು ಬೊಗಸೆಯೂ ಇರಲಿಲ್ಲ. ಇವರು ಕೊಟ್ಟ ಮುಂಗಡವನ್ನು ಆತ ಹಳೇ ರೂಢಿಯಂತೆ ಊರವರಿಗೆ ಹಂಚಿದ. ಹಿಂದೆ ಆತನ ಒಂದು ಮಾತಿಗೆ ಊರೆಲ್ಲ ಚೀಲ ಹೊತ್ತು ತರುತ್ತಿತ್ತಂತೆ. ಈ ಸಲ ಯಾರೂ ತರಲಿಲ್ಲ.

ಇವರು ತಿರುಗಿ ಬಂದು ತಿಂಗಳುಗಟ್ಟಲೆ ಕಾದರೂ ಮಾಲು ಬರಲಿಲ್ಲ. ಕಡೆಗೆ ಭಾವ ಮಿಲ್ಲಿನಂಗಳದಲ್ಲಿ ಹಮಾಲರೆದುರೇ ಅಂದುಬಿಟ್ಟರು: "ಮಾಲು ಎಲ್ಲಿಂದ ಬರಬೇಕು? ಇವ ಅಲ್ಲೇ ತಿಂದು ಬಂದಾನ."

ಅಂದಿನಿಂದ ಇವರು ಮಿಲ್ಲಿನ ಕಡೆ ಹೋಗಲಿಲ್ಲ. ಸಂಕ್ರಾಂತಿಗೆ ಭೂಸನೂರಿನ ಗೆಳೆಯರ ಹೊಲದಲ್ಲಿ ಕಬ್ಬು ಕಚ್ಚುವಾಗ ಮೇಲಿನ ಮುಂದಿನ ಹಲ್ಲೊಂದು ಬುಡಕ್ಕೇ ಮುರಿಯಿತು. "ತಿಂದವರ ಹಲ್ಲು ಹಿಂಗ ಮುರೀತಾವ ನೋಡು" ಎಂದು ಇವರೇ ನಕ್ಕರು. ಇವರು ನಕ್ಕದ್ದು ಅದೇ ಕಡೆಯ ಸಲ. ಯುಗಾದಿಗೆ ಮುಂಚೆಯೇ ಎದೆನೋವು ಬಂದು ತೀರಿಕೊಂಡರು.

ವರ್ಷ ಕಳೆದ ಮೇಲೆ ನಾನೇ ಅಲ್ಲಿಗೆ ಹೋದೆ. ಮುಂಗಡದ ಆಸೆ ಬಿಟ್ಟಿದ್ದೆ. ಈ ಮನುಷ್ಯ ಏನೂ ತಿಂದಿಲ್ಲ ಎಂದು ರಈಸನ ಕೈಯಿಂದ ಒಂದು ಪತ್ರ ಸಿಕ್ಕರೆ ಸಾಕಿತ್ತು. ಇವರಿಗೆ ದುಭಾಷಿಯಾಗಿದ್ದ, ಹಿಂದಿ ಬಲ್ಲ ಡ್ರೈವರನೇ ನನ್ನನ್ನೂ ಕರೆದೊಯ್ದ. ಮುದುಕ ತಕರಾರಿಲ್ಲದೆ ಪತ್ರ ಬರೆದ. ಮೇಜಿನ ಖಾನೆಯಿಂದ ದುಂಡನೆಯ ಶಿಕ್ಕಾ ತೆಗೆದು, ಬಾಯಿಂದ ಉಸಿರೂದಿ, ಬಹಳ ಗತ್ತಿನಿಂದ ಒತ್ತಿದ.

ಅಷ್ಟರಲ್ಲಿ ಅವನ ಹೆಂಡತಿ ಕೇಳಿದಳು: ನಿನ್ನ ಗಂಡ ಅವತ್ತು ಚಹಾ ಕುಡಿಯದೆ ಯಾಕೆ ಹೋದ? ಇವರು ತೀರಿಕೊಂಡದ್ದನ್ನು ನಾನಿನ್ನೂ ಬಾಯಿಬಿಟ್ಟಿರಲಿಲ್ಲ. ಯಾವತ್ತು ಎಂದೆ. ಗೋಡೆಯ ಮೊಳೆಯಿಂದ ಒಂದು ದಪ್ಪ ರೊಟ್ಟಿ ಇಳಿಸಿ ತೋರಿಸಿದಳು. ದೂರ ಹೋಗುವವರಿಂದ ಒಂದು ತುತ್ತು ಕಚ್ಚಿಸಿ ಉಳಿದದ್ದನ್ನು ತೂಗುಹಾಕುವುದು ಅವರ ಪದ್ಧತಿ. ತಿರುಗಿ ಬಂದು ಅದನ್ನು ತಿಂದು ಮುಗಿಸಬೇಕು. ಇವರಿಂದಲೂ ಹಾಗೆ ಕಚ್ಚಿಸಿದ್ದಳು. ಹಿಂದಿನ ವರ್ಷ ನವರೂಜ್ ಎಂಬ ಅವರ ಹೊಸವರ್ಷದ ಹಬ್ಬದ ಬೆಳಿಗ್ಗೆ ಇವರು ಬಂದರಂತೆ. ಮಾತಾಡಲಿಲ್ಲವಂತೆ. ರೊಟ್ಟಿ ಇಳಿಸಿ ಒಂದು ತುತ್ತು ಕಚ್ಚಿದರಂತೆ. ಆಕೆ ಚಹಾ ತರುವಷ್ಟರಲ್ಲಿ ಇರಲಿಲ್ಲವಂತೆ.

ಆ ಹಬ್ಬದ ದಿನಕ್ಕೆ ನಾವು ಇವರನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು. ಇದನ್ನು ಹೇಳಿದೆ. ಡ್ರೈವರ ಅದನ್ನು ಆಕೆಗೆ ತಿಳಿಸಲು ಬಹಳ ಹೊತ್ತು ತೆಗೆದುಕೊಂಡ. ಆಕೆ ರೊಟ್ಟಿ ಹಿಡಿದುಕೊಂಡೇ ಕೆಳಗೆ ಕೂತಳು.

ರೊಟ್ಟಿ ಒಣಗಿ ಇಟ್ಟಂಗಿಯಂತಾಗಿತ್ತು. ಅದರಲ್ಲಿ ಎರಡು ಕಚ್ಚಿದ ಗುರುತು. ಒಂದರಲ್ಲಿ ಹಲ್ಲಿನ ಸಾಲು ಪೂರ್ತಿ ಇತ್ತು. ಇನ್ನೊಂದರ ನಡುವೆ, ಒಂದು ಹಲ್ಲು ಇಲ್ಲದಲ್ಲಿ, ರೊಟ್ಟಿ ಸಣ್ಣ ಬದುವಿನಂತೆ ಉಳಿದಿತ್ತು. ಆ ಹಲ್ಲು ಮುರಿದದ್ದು ಭೂಸನೂರಿನಲ್ಲಿ. ಅಲ್ಲಿನವರಿಗೆ ಗೊತ್ತಿರಲು ದಾರಿಯೇ ಇಲ್ಲ. ನಾನು ನಾಚಿಕೆ ಬಿಟ್ಟು ಮೂವರ ಬಾಯಿಯನ್ನೂ ನೋಡಿದೆ. ಗಂಡ ಹೆಂಡತಿ ಇಬ್ಬರಿಗೂ ಮುಂದಿನ ಸಾಲೆಲ್ಲ ಬಂಗಾರದ ಹಲ್ಲು, ಒಂದೂ ಬಿಟ್ಟಿಲ್ಲ. ಡ್ರೈವರನ ಹಲ್ಲೂ ಸರಿಯಾಗಿದ್ದವು.

ಪತ್ರವನ್ನೂ ರೊಟ್ಟಿಯನ್ನೂ ತಂದೆ. ಭಾವ ಪತ್ರವನ್ನು ಆ ಭಾಷೆ ಬಲ್ಲವರಿಗೆ ತೋರಿಸಿದರು. ಅದು ಆ ಹಳೇ ಸಂಘದ ಶಿಕ್ಕಾ. ಸಂಘವೇ ಮುಚ್ಚಿಹೋಗಿ ಎಷ್ಟೋ ವರ್ಷವಾಗಿತ್ತು. "ಸತ್ತ ಕಚೇರಿ ಶಿಕ್ಕಾ ತಂದೀಯಲ್ಲವ್ವಾ" ಅಂದರು. ಆಗ ತಡೆಯದೆ ರೊಟ್ಟಿ ತೆಗೆದು ಎಲ್ಲವನ್ನೂ ಹೇಳಿದೆ. ಭಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆ ಬದುವಿನ ಮೇಲೆ ಬೆರಳಾಡಿಸಿದರು.

"ಹಲ್ಲು ಅವನವೇ," ಅಂದರು. ಆಮೇಲೆ ರೊಟ್ಟಿಯನ್ನು ನನ್ನ ಕೈಗೆ ಕೊಟ್ಟು, "ನಾ ಹೇಳಿದ್ದೂ ಅದೇ ಅಲ್ಲೇನವ್ವಾ, ಅವ ಅಲ್ಲೇ ತಿಂದಾನಂತ."

ಹೇಗಾಯಿತೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಇಲಿ ಕಡಿದಿರಬಹುದು ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಇಲಿ ಹಾಗೆ ಕಡಿಯುವುದಿಲ್ಲ. ದೆವ್ವವನ್ನು ನಾನು ನಂಬುವುದಿಲ್ಲ, ಆದರೂ ಇವರ ಮೇಲೆ ಸಿಟ್ಟು ಬರುತ್ತದೆ. ದಿನಾ ಮಧ್ಯಾಹ್ನ ಇವರ ಪಾಲಿನ ಎರಡು ಬಿಸಿ ರೊಟ್ಟಿ ತೆಗೆದಿಟ್ಟು ಕೂತವಳು ನಾನು. ಸತ್ತ ಮೇಲೂ ಇವರು ಹೋದದ್ದು ವ್ಯಾಪಾರದ ಊರಿಗೆ.