ಹುಳದ ಮನೆ ಬಾಗಿಲ ಗ್ರಾಫ್

ಹತ್ತು ವರ್ಷದಿಂದ ಹೈಸ್ಕೂಲಿನಲ್ಲಿ y = mx + c ಪಾಠ ಮಾಡುತ್ತಿದ್ದೇನೆ. ಶುರುವಿನಲ್ಲಿ ಎಷ್ಟಿತ್ತು ಎಂಬುದು c, ದಿನಕ್ಕೆ ಎಷ್ಟು ಏರುತ್ತದೆ ಎಂಬುದು m, ಇವೆರಡು ಸಿಕ್ಕರೆ ಮುಂದಿನದೆಲ್ಲ ಅಂಗೈಯಲ್ಲಿ ಎಂದು ಮಕ್ಕಳಿಗೆ ಹೇಳುತ್ತೇನೆ. ಅದೇ ಧೈರ್ಯದಲ್ಲಿ ಹೋದ ವರ್ಷ ಕೈಲಾಂಚದ ನಮ್ಮ ಮನೆಯ ರೇಷ್ಮೆಹುಳುಗಳಿಗೂ ಪಾಠ ಮಾಡಲು ಹೋದೆ.

ಹುಳು ತಂದ ದಿನ ಎರಡು ಹೊರೆ ಹಿಪ್ಪುನೇರಳೆ ಸೊಪ್ಪು ತಿಂದವು. ಮಾರನೆಯ ದಿನ ಮೂರು, ಅದರ ಮಾರನೆಯ ದಿನ ನಾಲ್ಕು. y = x + 2! ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು ಹುಳದ ಮನೆಯ ಬಾಗಿಲಿಗೆ ಅಂಟಿಸಿದೆ. ನಾಲ್ಕನೆಯ ದಿನ ಹುಳುಗಳು ತಲೆ ಎತ್ತಿಕೊಂಡು ಉಪವಾಸ ಕೂತವು. ಪೊರೆ ಬಿಡುವ ಮೊದಲು ಅವು ಹೀಗೆಯೇ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಗೆರೆಗೆ ಒಗ್ಗದ ಆ ದಿನವನ್ನು ಲೆಕ್ಕದಿಂದಲೇ ಕೈಬಿಟ್ಟೆ. ಜ್ವರ ಬಂದವರಿಗೆ ಗೈರುಹಾಜರಿ ಹಾಕಬಾರದೆಂಬ ಉದಾರ ಮನಸ್ಸು ನನ್ನದು.

ಗೂಡು ಕಟ್ಟುವವರೆಗೆ ಕೂಡಿಸಿ ನೋಡಿದರೆ ನಮ್ಮ ಮೇಲಿನ ತೋಟದ ಸೊಪ್ಪೇ ಸಾಕಾಗಿ, ಕೆಳಗಿನ ತೋಟದ್ದು ಪೂರ್ತಿ ಉಳಿಯುತ್ತಿತ್ತು. ಪಕ್ಕದ ಹೊಲದವರು ತಮ್ಮ ಹುಳುಗಳಿಗೆ ಸೊಪ್ಪು ಸಾಲದೆಂದು ಕೇಳಲು ಬಂದಿದ್ದರು. "ಕೆಳಗಿನ ತೋಟದಲ್ಲಿ ಕುಯ್ಕೊಂಡು ಹೋಗಿ," ಎಂದೆ. ಅತ್ತೆ ನನ್ನ ಗ್ರಾಫನ್ನು ದೇವರ ಪಟ ನೋಡುವ ಹಾಗೆ ಒಂದು ಗಳಿಗೆ ನೋಡಿ, ಬಂದವರ ಜೊತೆ ಹೊರಗೆ ನಡೆದರು. ಒಪ್ಪಿಕೊಂಡರೆಂದು ನಾನು ಬೀಗಿದೆ.

ಕೊನೆಯ ಜ್ವರದಿಂದ ಎದ್ದವು ನೋಡಿ, ತಿನ್ನುವ ಸದ್ದು ಜಗಲಿಯವರೆಗೂ ಕೇಳತೊಡಗಿತು. ನನ್ನ ಗೆರೆ ಹನ್ನೊಂದು ಹೊರೆ ಎಂದ ದಿನ ಇಪ್ಪತ್ತೈದು ತಿಂದು, ಮತ್ತೂ ಬೇಕೆಂದವು. ಮೇಲಿನ ತೋಟ ಮೂರೇ ದಿನದಲ್ಲಿ ಬರೀ ಕಡ್ಡಿ. ಇನ್ನು ನಾಲ್ಕು ದಿನ ಹೊಟ್ಟೆಗಿಲ್ಲದಿದ್ದರೆ ಒಂದು ಹುಳುವೂ ಗೂಡು ಕಟ್ಟುವುದಿಲ್ಲ. ಅತ್ತೆಯ ಅಷ್ಟೂ ದಿನದ ದುಡಿಮೆಯನ್ನು ನಾನೇ ಹಾಳು ಮಾಡಿದೆನೆಂದು ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ.

"ಅಳ್ಬ್ಯಾಡ, ಕುಡುಗೋಲು ತಕ್ಕೊ," ಎಂದರು ಅತ್ತೆ. "ಕೆಳಗಿನ ತೋಟ ಹಂಗೇ ಐತೆ. ಕುಯ್ಬ್ಯಾಡಿ ಅಂತ ಅವತ್ತೇ ಅವರ್ಗೆ ಹೇಳ್ಬುಟ್ಟು, ಬ್ಯಾರೆ ಕಡೆ ಸೊಪ್ಪು ಕೊಡಿಸ್ದೆ."

"ನನಗ್ಯಾಕೆ ಹೇಳಲಿಲ್ಲ ಅತ್ತೆ?"

"ನೀನು ಕೇಳ್ಲಿಲ್ವಲ್ಲವ್ವ."

ನಲವತ್ತು ವರ್ಷ ಹುಳು ಸಾಕಿದವರು ಅಷ್ಟೂ ದಿನ ನನ್ನ ಪಕ್ಕದಲ್ಲೇ ನಿಂತಿದ್ದರು. ಗೊತ್ತಾಗದಿದ್ದರೆ ಕೇಳಿ, ನಾಚಿಕೆ ಪಡಬೇಡಿ ಎಂದು ಮಕ್ಕಳಿಗೆ ದಿನಾ ಹೇಳುವವಳು ನಾನು. ಅವತ್ತು ಸೊಪ್ಪು ಕುಯ್ದು ಮುಗಿಯುವವರೆಗೂ ತಲೆ ಎತ್ತಲಿಲ್ಲ.