ಬೇಲಿಯಾಚೆ ಕಟ್ಟಿದ ಕರು

ಕಳೆದ ತಿಂಗಳು ಹಿರಿಯೂರಿನ ಹತ್ತಿರ ಪರಿಚಯದವರೊಬ್ಬರ ಕೊಟ್ಟಿಗೆಗೆ ಹೋಗಿದ್ದೆ. ಒಳಗೆ ಕಾಲಿಡುತ್ತಲೇ ಹುಳಿ ಹಾಲಿನ ವಾಸನೆ ಬಂತು, ಎಳೆಗರುವಿನ ಬಾಯಿಂದ ಬರುವಂಥದ್ದು. ಆ ಬೆಳಿಗ್ಗೆಯಷ್ಟೇ ತಾಯಂದಿರಿಂದ ಬೇರೆ ಮಾಡಿದ ಕರುಗಳು ಮೂಲೆಯಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದವು. ಕೂಗು ಕೇಳಿಸದಿರಲೆಂದು ಮಾಲೀಕರು ಸ್ಪೀಕರಿನಲ್ಲಿ ಸಿನಿಮಾ ಹಾಡು ಹಾಕಿದ್ದರು. ಅವರು ಹಾಲಿನ ದರದ ಬಗ್ಗೆ ಏನೋ ಹೇಳುತ್ತಿದ್ದರು. ನನಗೆ ಪಕ್ಕದ ಮನೆಯ ಚಿಕ್ಕಮ್ಮ ನೆನಪಾಗಿದ್ದರು...

ನಾನು ಬೆಳೆದ ಜವನಗೊಂಡನಹಳ್ಳಿಯಲ್ಲಿ ನಮ್ಮ ಕೊಟ್ಟಿಗೆಗೂ ಅವರ ಕೊಟ್ಟಿಗೆಗೂ ನಡುವೆ ಬಿದಿರ ಗಳ ಕಟ್ಟಿದ ಬೇಲಿಯೊಂದಿತ್ತು. ನಮಗೆ ಅವರು ರಕ್ತಸಂಬಂಧಿಯಲ್ಲ. ಬಾಗೂರಿಗೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ಉಡಿಕೆಯಾಗಿ ಪಕ್ಕದ ಮನೆಗೆ ಬಂದವರು. ವಿಧವೆಗೆ ಹೊಸ ಸೀರೆ ಉಡಿಸಿ ಮಾಡುವ ಮರುಮದುವೆಯೇ ಉಡಿಕೆ. ಹಾಗೆ ಬರುವವಳು ಮೊದಲ ಗಂಡನ ಮಕ್ಕಳನ್ನು ಆ ಮನೆಗೇ ಬಿಟ್ಟು ಬರಬೇಕಿತ್ತು. ಚಿಕ್ಕಮ್ಮ ಆಗಷ್ಟೇ ಮಾತು ಕಲಿಯುತ್ತಿದ್ದ ಹೆಣ್ಣುಕೂಸನ್ನು ಬಿಟ್ಟು ಬಂದಿದ್ದರು. ಕೂಸು ಮರೆಯುವ ತನಕ ಆ ಕಡೆ ಸುಳಿಯಬೇಡವೆಂದು ಹಿರಿಯರು ಹೇಳಿ ಕಳಿಸಿದ್ದರಂತೆ.

ಹಸು ಮತ್ತೆ ಗಬ್ಬವಾದಾಗ ಕರುವಿಗೆ ಹಾಲು ಬಿಡಿಸಬೇಕು. ನಮ್ಮ ಕಡೆಯ ರೂಢಿಯೆಂದರೆ ಕರುವನ್ನು ದೂರದ ನೆಂಟರ ಮನೆಗೆ ಹೊಡೆದುಕೊಂಡು ಹೋಗಿ ಬಿಟ್ಟುಬರುವುದು. ಕಣ್ಣಿಗೆ ಕಾಣದಿದ್ದರೆ ಎರಡೂ ಮರೆಯುತ್ತವೆ ಎಂಬ ನಂಬಿಕೆ. ಚಿಕ್ಕಮ್ಮ ಇದಕ್ಕೆ ಒಪ್ಪುತ್ತಿರಲಿಲ್ಲ. ಹಸುವನ್ನು ಬೇಲಿಯ ಈಚೆಗೆ ನಮ್ಮ ಕಡೆ, ಕರುವನ್ನು ಆಚೆಗೆ ಕಟ್ಟಿಸುತ್ತಿದ್ದರು. ಗಳಗಳ ಸಂದಿಯಲ್ಲಿ ಮೂತಿಗೆ ಮೂತಿ ತಾಗುತ್ತಿತ್ತು, ಕೆಚ್ಚಲು ಎಟುಕುತ್ತಿರಲಿಲ್ಲ. ಕರುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಅದರ ಗಂಟಲ ಮೇಲೆ ಅಂಗೈ ಇಟ್ಟುಕೊಂಡಿರುತ್ತಿದ್ದರು. "ಕೂಗಪ್ಪ, ಕೂಗು. ಇಲ್ಲೇ ಅವ್ಳೆ ನಿಮ್ಮವ್ವ."

ಅಪ್ಪ ಛೇಡಿಸುತ್ತಿದ್ದರು: "ಏನವ್ವ, ನಮ್ಮನೆ ಹುಡುಗ್ರೂ ಬಾಳ ಕೂಗ್ತಾವೆ. ಇವುನ್ನೂ ಒಂದೀಟು ಕಟ್ಟಾಕು."

"ನಿಮ್ಮನೆ ಹುಡುಗ್ರಿಗೆ ಈ ಬೇಲಿ ಎಲ್ಲಿ ಸಾಲ್ತೈತ್ರಿ? ದುರ್ಗದ ಕ್ವಾಟೆ ಗೋಡೇನೇ ಬೇಕು."

ಒಂದು ವರ್ಷ ಅವರ ಯಜಮಾನರು ಹಟ ಹಿಡಿದರು. ಕರುವನ್ನು ಹೊಳಲ್ಕೆರೆಯ ತಂಗಿಯ ಮನೆಗೆ ಸಾಗಿಸಲು ಹಗ್ಗ ಬಿಚ್ಚಿಕೊಂಡು ನಿಂತಿದ್ದರು. "ಕಣ್ಣಿಗೆ ಕಾಣ್ದಿದ್ರೆ ಮರೀತೈತೆ ಬಿಡೇ," ಎಂದರು.

"ಮರೆಯಲ್ಲ ಕಣ್ರಿ. ಗಂಟ್ಲು ಕಟ್ಟಿ ಸುಮ್ಕಾಗ್ತೈತೆ. ಮರೀತು ಅಂತ ನೀವು ಅಂದ್ಕಳ್ತೀರಿ."

ಯಜಮಾನರು ಕೆಟ್ಟವರಲ್ಲ. ಕರುವನ್ನು ಮತ್ತೆ ಅದೇ ಗೂಟಕ್ಕೆ ಕಟ್ಟಿ, "ನಡಿ, ಬಾಗೂರಿಗೆ ಹೋಗಾಣ," ಎಂದರು. ಮಾರನೆಯ ದಿನ ಹೋದರು. ಜೊತೆಗಿರಲೆಂದು ನಮ್ಮಮ್ಮನನ್ನೂ ಕರೆದುಕೊಂಡರು. ಅಲ್ಲಿ ನಡೆದದ್ದನ್ನು ಅಮ್ಮ ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ.

ಹುಡುಗಿ ಜಗುಲಿಯ ಮೇಲೆ ಒಬ್ಬಳೇ ಹುಣಸೆಬೀಜ ಆಡುತ್ತಿದ್ದಳಂತೆ. ತಲೆಯೆತ್ತಿ, "ಯಾರು ಬೇಕಿತ್ರಿ?" ಎಂದಳು. ಯಜಮಾನರು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮನೇ ಹೇಳಿಬಿಟ್ಟರು: "ಯಾರೂ ಬ್ಯಾಡ ಕಣವ್ವ. ಬಾಯಾರಿತ್ತು. ಒಂದೀಟು ನೀರು ಕೊಡ್ತೀಯ?"

ಹುಡುಗಿ ಓಡಿಹೋಗಿ ಚೊಂಬು ತುಂಬಿಸಿಕೊಂಡು ಬಂದಳು. ಚಿಕ್ಕಮ್ಮ ನಿಂತಲ್ಲೇ ಅಷ್ಟನ್ನೂ ಕುಡಿದರು. "ಇನ್ನೂ ಬೇಕಾ?" ಎಂದು ಕೇಳಿದಳಂತೆ. ಸಾಕು ಎಂಬಂತೆ ಕೈಯಾಡಿಸಿ ಚೊಂಬು ಹಿಂದಿರುಗಿಸಿದರು. ಒಳಗೆ ಹೋಗಲಿಲ್ಲ. ಬಸ್ಸಿನಲ್ಲಿ ಅಮ್ಮ, ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ಈಗಿನ್ನೂ ಗಂಟ್ಲು ಸರಿಹೋಗೈತೆ ಅದ್ಕೆ. ಮತ್ಯಾಕೆ ಕೂಗ್ಸಾದು?" ಎಂದರಂತೆ.

ಮತ್ತೆ ಅವರು ಬಾಗೂರಿಗೆ ಹೋಗಲಿಲ್ಲ. ಈ ಮನೆಯಲ್ಲಿ ಮಕ್ಕಳೂ ಆಗಲಿಲ್ಲ. ಹಾಲು ಬಿಡಿಸಿದಾಗಲೆಲ್ಲ ಬೇಲಿಯ ಬಳಿ ಕೂರುವುದು ಮಾತ್ರ ತಪ್ಪಲಿಲ್ಲ. ಕರುವಿನ ಸ್ವರ ಒಡೆದು, ಬರಿಯ ಉಸಿರಾಗುವವರೆಗೂ ಆ ಕೈ ಅಲ್ಲೇ ಇರುತ್ತಿತ್ತು...

ಚಿಕ್ಕಮ್ಮ ತೀರಿಕೊಂಡ ಮೇಲೆ, ಆ ಮಗಳು ಚಿತ್ರದುರ್ಗದಲ್ಲಿ ನನ್ನ ಮನೆ ಹುಡುಕಿಕೊಂಡು ಬಂದರು. ಈಗ ಅವರಿಗೂ ಅಲ್ಲಲ್ಲಿ ನರೆ. ತಾಯಿ ಎಂದೋ ಸತ್ತಳೆಂದು ಹೇಳಿ ಬೆಳೆಸಿದ್ದರಂತೆ; ಇಷ್ಟು ವರ್ಷ ಬದುಕಿದ್ದರೆಂಬುದು ಅವರಿಗೆ ತಿಳಿದದ್ದೇ ಸಾವಿನ ಸುದ್ದಿಯಿಂದ. ಕುರ್ಚಿಯ ತುದಿಯಲ್ಲಿ ಕೂತು ಕೇಳಿದರು: "ಅಣ್ಣ, ನಮ್ಮವ್ವ ಒಂದ್ಸಲನಾದ್ರೂ ನನ್ನ ನೋಡಾಕೆ ಬಂದಿದ್ಲಾ?"

ನೀರು ಕೇಳಿದ್ದನ್ನು ಹೇಳಿದೆ.

"ನಮ್ಮನೆ ರಸ್ತೆ ಬದೀಗಿತ್ತಣ್ಣ. ನೀರು ಕೇಳ್ಕೊಂಡು ಬಾಳ ಜನ ಬರಾರು. ಎಲ್ಲಾರ್ಗೂ ನಾನೇ ಕೊಡ್ತಿದ್ದೆ..." ಎಂದರು. ಆಮೇಲೆ, "ಅವತ್ತು ಯಾವ ಬಣ್ಣದ ಸೀರೆ ಉಟ್ಟಿದ್ಲು?"

ಅಮ್ಮನನ್ನು ನಾನು ಅದೊಂದನ್ನು ಕೇಳಿರಲಿಲ್ಲ. ಅಮ್ಮನೂ ಇಲ್ಲ, ಆ ಯಜಮಾನರೂ ಇಲ್ಲ. ಕೊಡಲು ಒಂದು ಫೋಟೋ ಸಹ ಇರಲಿಲ್ಲ. ಗೊತ್ತಿಲ್ಲ ಎಂದೆ.

"ಹಸ್ರು ಸೀರೆಯೋರು ಒಬ್ರು ಬಂದಿದ್ರು. ಅವ್ರೇ ಇರಬೋದಾ?"

ಹೌದು ಎನ್ನಲು ನನ್ನಲ್ಲಿ ಆಧಾರವಿರಲಿಲ್ಲ. ಇಲ್ಲ ಎನ್ನಲೂ ಇರಲಿಲ್ಲ.

ಈಗಲೂ ಅವರು ಆಗಾಗ ಫೋನ್ ಮಾಡುತ್ತಾರೆ. ನೀರು ಕೇಳಿ ಬಂದಿದ್ದ ಇನ್ನೊಬ್ಬರ ನೆನಪು ಬಂತು ಎನ್ನುತ್ತಾರೆ: ತಲೆಯ ಮೇಲೆ ಗಂಟು ಹೊತ್ತವರು, ಕುಂಟುತ್ತಿದ್ದವರು, ಕುಡಿದಾದ ಮೇಲೆ ಕೆನ್ನೆ ಸವರಿ ಹೋದವರು... ನಾನು ಕೇಳಿಸಿಕೊಳ್ಳುತ್ತೇನೆ.